ಬಾಯಿಯ ಶಿಲೀಂಧ್ರ: ಮುಕ್ಕಳಿಸಿದರೆ ಹೋಗದ ಪೊರೆ

ಮನೆಯ ಹಿರಿಯರು ಎರಡು ತುತ್ತು ಉಂಡು ತಟ್ಟೆಯನ್ನು ಸರಿಸಿದಾಗ, ಸಾರು ಖಾರವಾಯಿತೆಂದೋ, ವಯಸ್ಸಾದಂತೆ ಹಸಿವು ಕುಂದಿತೆಂದೋ, ಕೆಲವೊಮ್ಮೆ ಅದು ಬರಿಯ ಹಠವೆಂದೋ ಬಗೆದು ನಾವು ಸುಮ್ಮನಾಗುತ್ತೇವೆ. ಅವರ ಬಾಯನ್ನು ತೆರೆಸಿ ನೋಡುವವರು ವಿರಳ. ಹಲ್ಲು ಕಟ್ಟಿಸಿಕೊಂಡಿರುವ ಹಿರಿಯರಾದರೆ ಮೇಲಿನ ಸೆಟ್ಟನ್ನು ತೆಗೆಸಿ, ಅಂಗುಳದ ಮೇಲೆ ಟಾರ್ಚಿನ ಬೆಳಕು ಬಿಟ್ಟು ನೋಡಬೇಕು. ಸೆಟ್ಟು ಕುಳಿತುಕೊಳ್ಳುವಷ್ಟು ಜಾಗ ಮಾತ್ರ ಅಚ್ಚೊತ್ತಿದಂತೆ ಕೆಂಪಾಗಿದ್ದು, ಅದರಾಚೆಯ ಭಾಗವು ಸಹಜ ಬಣ್ಣದಲ್ಲಿದ್ದರೆ, ಅಲ್ಲಿ ಶಿಲೀಂಧ್ರವೊಂದು ನೆಲೆಯೂರಿದೆ ಎಂದು ಶಂಕಿಸಲು ಸಾಕಷ್ಟು ಕಾರಣವುಂಟು. ಬಹುಪಾಲು ಜನರಿಗೆ ಇದು ನೋಯುವುದಿಲ್ಲ. ಕೆಲವರಿಗೆ ಖಾರ ತಗುಲಿದಾಗ ಉರಿ, ಬಾಯಲ್ಲಿ ಕೆಟ್ಟ ರುಚಿ, ತುಟಿಯ ಮೂಲೆಗಳಲ್ಲಿ ಬಿರುಕು. ನೋಯದಿರುವ ಕಾರಣದಿಂದಲೇ ಇದು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ.

ವೈದ್ಯರು ಬರೆದುಕೊಟ್ಟ ಔಷಧಿಯನ್ನು ಹಚ್ಚಿದಾಗ ಕೆಂಪು ಇಳಿಯುತ್ತದೆ. ಔಷಧಿ ಮುಗಿದ ಕೆಲವು ವಾರಗಳಲ್ಲಿ ಅದು ಮತ್ತೆ ಮರಳುತ್ತದೆ. ‘ಔಷಧಿ ಹಿಡಿಯಲಿಲ್ಲ’ ಎಂಬ ಮಾತು ಆಗ ಕೇಳಿಬರುತ್ತದೆ. ಅಂಗುಳದ ಮಟ್ಟಿಗೆ ಔಷಧಿ ಹಿಡಿದೇ ಇರುತ್ತದೆ. ಶಿಲೀಂಧ್ರದ ಮೂಲನೆಲೆ ಅಂಗುಳವಲ್ಲ, ಅದಕ್ಕೆ ಒತ್ತಿಕೊಂಡಿರುವ ಸೆಟ್ಟಿನ ಒಳಮೈ. ಅಲ್ಲಿ ಅದು ತನಗೊಂದು ಪೊರೆಯನ್ನು ಕಟ್ಟಿಕೊಂಡು ಅಡಗಿರುತ್ತದೆ. ಆ ಪೊರೆಯ ಸ್ವರೂಪವೇನು, ಔಷಧಿಯು ಅದರ ಮುಂದೆ ಏಕೆ ಸೋಲುತ್ತದೆ, ಮನೆಯಲ್ಲಿ ನಾವು ಮಾಡಬೇಕಾದುದೇನು ಎಂಬುದನ್ನು ಈ ಬಾರಿ ತುಸು ವಿಸ್ತಾರವಾಗಿ ವಿವರಿಸಬೇಕೆಂದು ಬಯಸಿದ್ದೇವೆ.

ಬಾಯಿಯ ಹಳೆಯ ನಿವಾಸಿ

ಈ ಶಿಲೀಂಧ್ರದ ಹೆಸರು ಕ್ಯಾಂಡಿಡಾ ಆಲ್ಬಿಕನ್ಸ್. ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾಂಡಿಡಸ್’ ಎಂದರೆ ಶುಭ್ರ ಬಿಳುಪು. ‘ಆಲ್ಬಿಕನ್ಸ್’ ಎಂದರೆ ಬೆಳ್ಳಗಾಗುತ್ತಿರುವುದು. ಹೆಸರಿನಲ್ಲಿ ಬಿಳುಪು ಎರಡು ಸಲ ಬಂದಿದೆ. ಬೇಕರಿಯವರು ಬ್ರೆಡ್ಡನ್ನು ಉಬ್ಬಿಸಲು ಬಳಸುವ ಯೀಸ್ಟಿಗೆ ಇದು ದೂರದ ಬಳಗ. ಒಂದೊಂದು ಕಣವೂ ಸುಮಾರು ಐದು ಮೈಕ್ರಾನ್ ಗಾತ್ರದ್ದು. ಅಂದರೆ ಒಂದು ಮಿಲಿಮೀಟರ್ ಉದ್ದದ ಗೆರೆಯ ಮೇಲೆ ಇನ್ನೂರು ಕಣಗಳನ್ನು ಸಾಲಾಗಿ ಕೂರಿಸಬಹುದು.

ಇದು ಹೊರಗಿನಿಂದ ಬಂದೆರಗುವ ಶತ್ರುವೆಂದು ತಿಳಿಯುವುದು ಸರಿಯಲ್ಲ. ಯಾವ ರೋಗವೂ ಇಲ್ಲದ ವಯಸ್ಕರನ್ನು ಪರೀಕ್ಷಿಸಿದರೆ, ಮೂವರಲ್ಲಿ ಒಬ್ಬರಿಂದ ಹಿಡಿದು ಅರ್ಧಕ್ಕೂ ಹೆಚ್ಚು ಮಂದಿಯ ಬಾಯಲ್ಲಿ ಕ್ಯಾಂಡಿಡಾ ಸಿಗುತ್ತದೆ. ಅದು ಅಲ್ಲಿ ಅಲ್ಪ ಸಂಖ್ಯೆಯಲ್ಲಿ, ತನ್ನ ಪಾಡಿಗೆ ತಾನಿರುತ್ತದೆ. ಅದನ್ನು ಅಂಕೆಯಲ್ಲಿಡುವ ವ್ಯವಸ್ಥೆ ನಮ್ಮ ಬಾಯಲ್ಲೇ ಇದೆ. ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸ್ರವಿಸುವ ಲಾಲಾರಸವು ಅಂಟಿದ್ದನ್ನು ತೊಳೆಯುತ್ತಿರುತ್ತದೆ. ಅದರಲ್ಲಿರುವ ಹಿಸ್ಟಾಟಿನ್ ಎಂಬ ಸಣ್ಣ ಪ್ರೋಟೀನುಗಳು ಶಿಲೀಂಧ್ರವನ್ನು ನೇರವಾಗಿ ಕೊಲ್ಲಬಲ್ಲವು. ಬಾಯಿಯಲ್ಲಿ ವಾಸಿಸುವ ನೂರಾರು ಜಾತಿಯ ಬ್ಯಾಕ್ಟೀರಿಯಾಗಳು ಜಾಗವನ್ನೂ ಆಹಾರವನ್ನೂ ಮೊದಲೇ ಹಿಡಿದುಕೊಂಡಿರುತ್ತವೆ. ಲೋಳೆಪೊರೆಯ ಮೇಲ್ಪದರವು ಸದಾ ಉದುರಿ ಹೊಸದಾಗುತ್ತದೆ. ರಕ್ತದ ಬಿಳಿಕಣಗಳು ಕಾವಲಿರುತ್ತವೆ.

ಈ ಅಂಕೆ ಸಡಿಲವಾದಾಗ ಮಾತ್ರ ಅದು ರೋಗವಾಗುತ್ತದೆ. ಗ್ರೀಕ್ ವೈದ್ಯ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಪ್ರಾಚೀನ ಗ್ರಂಥಗಳಲ್ಲಿಯೇ, ಬಳಲಿ ಬಸವಳಿದ ರೋಗಿಗಳ ಬಾಯಲ್ಲಿ ಕಾಣುವ ಇಂಥ ಹುಣ್ಣುಗಳ ಪ್ರಸ್ತಾಪವಿದೆ. 1839ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್ ಅವರು ವಿಷಮಜ್ವರದ ರೋಗಿಯೊಬ್ಬನ ಬಾಯಿಯ ಬಿಳಿಯ ಪದರದಲ್ಲಿ ಶಿಲೀಂಧ್ರವನ್ನು ಕಂಡು ವರ್ಣಿಸಿದರು. ಜ್ವರಕ್ಕೂ ಅದೇ ಕಾರಣವೆಂದು ಅವರು ಭಾವಿಸಿದ್ದರು. ವಾಸ್ತವದಲ್ಲಿ ಜ್ವರದಿಂದ ದೇಹ ಸೋತಾಗ ಶಿಲೀಂಧ್ರ ತಲೆಯೆತ್ತಿತ್ತು. ಕ್ಯಾಂಡಿಡಾ ಎಂಬ ಕುಲನಾಮವನ್ನು 1923ರಲ್ಲಿ ಇಟ್ಟವರು ಡಚ್ ವಿಜ್ಞಾನಿ ಕ್ರಿಸ್ಟೀನ್ ಬರ್ಕ್‌ಹೌಟ್. 1981ರ ಜೂನ್ ತಿಂಗಳಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಐವರು ಯುವಕರ ವಿಚಿತ್ರ ಕಾಯಿಲೆಯ ವರದಿ ಪ್ರಕಟವಾಯಿತು. ಮುಂದೆ ಏಡ್ಸ್ ಎಂದು ಹೆಸರು ಪಡೆದ ರೋಗದ ಮೊದಲ ವರದಿಯದು. ಆ ಐವರಲ್ಲೂ ಕ್ಯಾಂಡಿಡಾ ಸೋಂಕಿತ್ತು. ಯುವಕರ ಬಾಯಲ್ಲಿ ಕಾರಣವಿಲ್ಲದೆ ಈ ಬಿಳುಪು ಕಾಣಿಸಿಕೊಂಡರೆ ವೈದ್ಯರು ರಕ್ತಪರೀಕ್ಷೆ ಮಾಡಿಸಲು ಹೇಳುವುದು ಈ ಹಿನ್ನೆಲೆಯಿಂದ. ಅದರಿಂದ ಯಾರೂ ಅವಮಾನಪಡಬೇಕಾಗಿಲ್ಲ.

2021ರಲ್ಲಿ ಕೋವಿಡ್ ಎರಡನೆಯ ಅಲೆಯ ದಿನಗಳಲ್ಲಿ ಕಪ್ಪು ಶಿಲೀಂಧ್ರದ ಜೊತೆಗೆ ‘ಬಿಳಿ ಶಿಲೀಂಧ್ರ’ ಎಂಬ ಹೆಸರೂ ಸುದ್ದಿಯಲ್ಲಿ ಹರಿದಾಡಿ ಜನರನ್ನು ಬೆದರಿಸಿದ್ದು ಓದುಗರಿಗೆ ನೆನಪಿರಬಹುದು. ಅಂದು ಹಾಗೆ ಕರೆದದ್ದು ಬಹುಮಟ್ಟಿಗೆ ಈ ಕ್ಯಾಂಡಿಡಾವನ್ನೇ. ಮೂಗು, ಕಣ್ಣು, ಮಿದುಳಿಗೆ ದಿನಗಳಲ್ಲಿ ವ್ಯಾಪಿಸುವ ಕಪ್ಪು ಶಿಲೀಂಧ್ರವು ಬೇರೆಯೇ ಕುಲದ್ದು. ಬಣ್ಣದ ಹೆಸರಿನಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅನವಶ್ಯಕ ಭಯಕ್ಕೆ ಕಾರಣವಾಯಿತೆಂಬುದು ನಮ್ಮ ಅಭಿಪ್ರಾಯ. ಹಾಗೆಂದು ಕ್ಯಾಂಡಿಡಾ ನಿರುಪದ್ರವಿಯೂ ಅಲ್ಲ. ತೀವ್ರನಿಗಾ ಘಟಕದಲ್ಲಿರುವ ರೋಗಿಗಳ ರಕ್ತಕ್ಕೆ ಅದು ಇಳಿದರೆ ಪ್ರಾಣಾಪಾಯವುಂಟು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರಡಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಮೊದಲ ವರ್ಗದಲ್ಲಿಯೇ ಇದೆ. ಬಾಯಿಯ ಸೋಂಕು ಅಷ್ಟು ದೂರ ಹೋಗುವುದು ಅಪರೂಪ.

ದುಂಡುಕಣವು ಎಳೆಯಾಗುವ ಬಗೆ

ಕ್ಯಾಂಡಿಡಾದ ಶಕ್ತಿಯಿರುವುದು ಅದು ರೂಪ ಬದಲಿಸುವುದರಲ್ಲಿ. ಸುಮ್ಮನಿರುವಾಗ ಅದು ದುಂಡನೆಯ ಯೀಸ್ಟ್ ಕಣ. ಮೊಗ್ಗೊಡೆದು ಒಂದು ಎರಡಾಗುತ್ತದೆ. ಅನುಕೂಲ ಒದಗಿದಾಗ ಅದೇ ಕಣದಿಂದ ಉದ್ದನೆಯ ಎಳೆಯೊಂದು ಹೊರಟು ಬೆಳೆಯುತ್ತದೆ. ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಮೊಳಕೆಯೊಡೆದುದನ್ನು ಕಂಡವರಿಗೆ ಇದರ ಚಿತ್ರ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಪ್ರಯೋಗಾಲಯಗಳಲ್ಲಿ ಈ ಶಿಲೀಂಧ್ರವನ್ನು ಗುರುತಿಸುವ ಹಳೆಯ ಪರೀಕ್ಷೆಯೂ ಇದನ್ನೇ ಆಧರಿಸಿದೆ: ಮನುಷ್ಯರಕ್ತದ ಸೀರಮ್ಮಿನಲ್ಲಿ ಕಣಗಳನ್ನು ಬೆರೆಸಿ, ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿಟ್ಟು, ಎರಡು ಮೂರು ಗಂಟೆಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳಿಗೆ ಮೊಳಕೆ ಮೂಡಿರುತ್ತದೆ.

ದುಂಡುಕಣವು ಮೇಲ್ಮೈಯಲ್ಲಿ ಕುಳಿತಿರಬಲ್ಲದು. ಎಳೆಯು ಒಳಕ್ಕೆ ತೂರಬಲ್ಲದು. ಎಳೆಯ ಹೊರಮೈಯಲ್ಲಿ ಅಂಟಿಕೊಳ್ಳಲೆಂದೇ ಇರುವ ಪ್ರೋಟೀನುಗಳಿವೆ. ‘ಆಲ್ಸ್’ ಎಂಬ ಹೆಸರಿನ ಒಂದು ಕುಟುಂಬವೇ ಇದೆ. ಅದರ ಮೂರನೆಯ ಸದಸ್ಯವು ನಮ್ಮ ಲೋಳೆಪೊರೆಯ ಕೋಶವನ್ನು ಬಿಗಿಯಾಗಿ ಹಿಡಿಯುವುದಲ್ಲದೆ, ಕೋಶವು ತಾನಾಗಿಯೇ ಶಿಲೀಂಧ್ರವನ್ನು ಒಳಗೆ ಬರಮಾಡಿಕೊಳ್ಳುವಂತೆಯೂ ಪ್ರೇರೇಪಿಸುತ್ತದೆ. ‘ಎಚ್‌ಡಬ್ಲ್ಯುಪಿ-1’ ಎಂಬ ಇನ್ನೊಂದು ಪ್ರೋಟೀನಿನ ಕತೆ ಇನ್ನೂ ವಿಚಿತ್ರ. ನಮ್ಮ ಕೋಶಗಳದೇ ಆದ ಒಂದು ಕಿಣ್ವವು ಅದನ್ನು ತನ್ನವರ ಪ್ರೋಟೀನೆಂದು ಬಗೆದು ಬಾಯಿಯ ಕೋಶಕ್ಕೆ ಬೆಸುಗೆ ಹಾಕಿಬಿಡುತ್ತದೆ. ಹೀಗೆ ಬೆಸೆದುಕೊಂಡ ಕಣವನ್ನು ಲಾಲಾರಸವಾಗಲಿ, ಮುಕ್ಕಳಿಸಿದ ನೀರಾಗಲಿ ಕೀಳಲಾರದು.

ಅಂಟಿದ ಬಳಿಕ ಶಿಲೀಂಧ್ರವು ಕಿಣ್ವಗಳನ್ನು ಸುರಿಸುತ್ತದೆ. ಪ್ರೋಟೀನುಗಳನ್ನು ತುಂಡರಿಸುವ ಕಿಣ್ವಗಳೇ ಹತ್ತು ಬಗೆಯವಿವೆ. ಕೋಶದ ಕೊಬ್ಬಿನ ಪೊರೆಯನ್ನು ಒಡೆಯುವಂಥವು ಬೇರೆ. ಇವು ಲೋಳೆಪೊರೆಯನ್ನು ಸಡಿಲಿಸುತ್ತವೆ, ಕರಗಿದ್ದನ್ನು ಶಿಲೀಂಧ್ರಕ್ಕೆ ಆಹಾರವಾಗಿಸುತ್ತವೆ, ಲಾಲಾರಸದಲ್ಲಿರುವ ರಕ್ಷಕ ಪ್ರೋಟೀನುಗಳನ್ನೂ ಕಡಿದುಹಾಕುತ್ತವೆ.

ಇಷ್ಟು ತಿಳಿದಿದ್ದರೂ, ಕೋಶವನ್ನು ಕೊನೆಗೆ ಕೊಲ್ಲುವುದು ಯಾವುದು ಎಂಬ ಪ್ರಶ್ನೆಗೆ ಬಹುಕಾಲ ಉತ್ತರ ದೊರೆತಿರಲಿಲ್ಲ. ಬ್ಯಾಕ್ಟೀರಿಯಾಗಳಿಗೆ ವಿಷವಿರುವುದು ಹಳೆಯ ವಿಷಯ. ಮನುಷ್ಯನಿಗೆ ರೋಗ ತರುವ ಶಿಲೀಂಧ್ರವೊಂದು ಅಂಥ ಕೋಶಭೇದಕ ವಿಷವನ್ನು ತಯಾರಿಸುತ್ತದೆಂದು ಯಾರೂ ತೋರಿಸಿರಲಿಲ್ಲ. 2016ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಹಾಗೂ ಜರ್ಮನಿಯ ಯೇನಾ ನಗರದ ವಿಜ್ಞಾನಿಗಳು ಸಹಯೋಗಿಗಳೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಕೇವಲ 31 ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿಗೆ ‘ಕ್ಯಾಂಡಿಡಾಲೈಸಿನ್’ ಎಂದು ಹೆಸರು. ಎಳೆಯ ರೂಪದಲ್ಲಿರುವಾಗ ಮಾತ್ರ ಶಿಲೀಂಧ್ರವು ಇದನ್ನು ಸ್ರವಿಸುತ್ತದೆ; ಇದು ಕೋಶದ ಪೊರೆಯನ್ನು ತೂತುಮಾಡುತ್ತದೆ. ಆದರೆ ನಮ್ಮ ಕೋಶಗಳೂ ಈ ವಿಷವನ್ನೇ ಎಚ್ಚರಿಕೆಯ ಗಂಟೆಯನ್ನಾಗಿ ಬಳಸಿಕೊಳ್ಳುತ್ತವೆ. ವಿಷ ತಗುಲಿದೊಡನೆ ಅವು ಬಿಳಿರಕ್ತಕಣಗಳನ್ನು ಕರೆತರುವ ಸಂಕೇತಗಳನ್ನು ಹೊರಡಿಸುತ್ತವೆ. ಅಂಗುಳದ ಮೇಲೆ ನಾವು ಕಾಣುವ ಕೆಂಪು ಬಹುಪಾಲು ಆ ಕರೆಗೆ ಓಗೊಟ್ಟು ಬಂದ ನಮ್ಮದೇ ರಕ್ಷಣಾಪಡೆಯ ಗುರುತು.

ಹಂಡೆಯ ಒಳಮೈಯ ಲೋಳೆ

ಇನ್ನು ಪೊರೆಯ ವಿಷಯ. ಹಿತ್ತಲಿನ ನೀರಿನ ತೊಟ್ಟಿಯನ್ನೋ ಹಂಡೆಯನ್ನೋ ನಾಲ್ಕು ದಿನ ಉಜ್ಜದೆ ಬಿಟ್ಟರೆ ಒಳಮೈಗೆ ಕೈಯಾಡಿಸಿದಾಗ ಜಾರುವ ಲೋಳೆ ಸಿಗುತ್ತದೆ. ನೀರನ್ನು ಚೆಲ್ಲಿ ಹೊಸ ನೀರು ತುಂಬಿದರೆ ಅದು ಹೋಗುವುದಿಲ್ಲ. ತೆಂಗಿನ ನಾರಿನಿಂದ ತಿಕ್ಕಿದರೆ ಮಾತ್ರ ಹೋಗುತ್ತದೆ. ಈ ಲೋಳೆಯೇ ಸೂಕ್ಷ್ಮಜೀವಿಗಳು ಕಟ್ಟಿಕೊಂಡ ಪೊರೆ. ವಿಜ್ಞಾನಿಗಳು ಬಯೋಫಿಲ್ಮ್ ಎನ್ನುವುದು ಇದನ್ನೇ. ಕೃತಕ ದಂತಪಂಕ್ತಿಯ ಒಳಮೈಯಲ್ಲಿ ಕ್ಯಾಂಡಿಡಾ ಕಟ್ಟುವುದೂ ಇಂಥದೇ ಪೊರೆ.

ಹಲ್ಲಿನ ಸೆಟ್ಟುಗಳಲ್ಲಿ ಹೆಚ್ಚಿನವು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನವು. ನೋಡಲು ನುಣುಪಾದರೂ ಅದರ ಮೈಯಲ್ಲಿ ಸೂಕ್ಷ್ಮ ರಂಧ್ರಗಳೂ ಗೀರುಗಳೂ ಇರುತ್ತವೆ. ಅಂಗುಳಕ್ಕೆ ಒತ್ತಿಕೊಳ್ಳುವ ಒಳಮೈಯನ್ನು ಹೊರಮೈಯಂತೆ ಹೊಳಪುಗೊಳಿಸುವುದೂ ಇಲ್ಲ. ಮೊದಲ ಕೆಲವು ಗಂಟೆಗಳಲ್ಲಿ ದುಂಡುಕಣಗಳು ಅಲ್ಲಿ ಅಂಟುತ್ತವೆ. ನಂತರ ಎಳೆಗಳು ಹೊರಟು ಒಂದರೊಡನೊಂದು ಹೆಣೆದುಕೊಳ್ಳುತ್ತವೆ. ಒಂದೆರಡು ದಿನಗಳಲ್ಲಿ ಅವು ಸಕ್ಕರೆಯ ಉದ್ದ ಸರಪಳಿಗಳು, ಪ್ರೋಟೀನು, ಸತ್ತ ಕಣಗಳ ಡಿಎನ್ಎ ಮುಂತಾದುವನ್ನು ಬೆರೆಸಿದ ಅಂಟಿನಲ್ಲಿ ತಮ್ಮನ್ನು ಹುದುಗಿಸಿಕೊಂಡುಬಿಡುತ್ತವೆ. ಪೊರೆಯು ಬಲಿತ ಮೇಲೆ ಅದರಿಂದ ಹೊಸ ದುಂಡುಕಣಗಳು ಕಳಚಿಕೊಂಡು ಬೇರೆ ಜಾಗಗಳನ್ನು ಹುಡುಕಿ ಹೊರಡುತ್ತವೆ. ಅಂಗುಳವನ್ನು ಔಷಧಿಯಿಂದ ಎಷ್ಟು ಸಲ ಶುದ್ಧಗೊಳಿಸಿದರೂ ಸೆಟ್ಟಿನಿಂದ ಮತ್ತೆ ಬಿತ್ತನೆಯಾಗುವುದು ಹೀಗೆ. 2012ರಲ್ಲಿ ನಡೆದ ಸಂಶೋಧನೆಯೊಂದು ಈ ಕಟ್ಟಡದ ಹಿಂದೆ ಆರು ನಿಯಂತ್ರಕ ಪ್ರೋಟೀನುಗಳು ಪರಸ್ಪರ ಕೈಜೋಡಿಸಿ ಸುಮಾರು ಒಂದು ಸಾವಿರ ಜೀನುಗಳನ್ನು ನಡೆಸುತ್ತವೆಂದು ತೋರಿಸಿತು. ಒಂಟಿ ಕಣವೆಂದು ನಾವು ಹಗುರವಾಗಿ ಕಾಣುವ ಜೀವಿಗೆ ಇಷ್ಟು ದೊಡ್ಡ ಏರ್ಪಾಡು.

ಪೊರೆಯೊಳಗಿನ ಶಿಲೀಂಧ್ರಕ್ಕೆ ಔಷಧಿ ತಾಗದಿರಲು ಮೂರು ಕಾರಣಗಳನ್ನು ಹೇಳಬಹುದು. ಅಂಟಿನಲ್ಲಿರುವ ಗ್ಲುಕಾನ್ ಎಂಬ ಸಕ್ಕರೆಯು ಔಷಧಿಯ ಅಣುಗಳನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಇದೇ ಮುಖ್ಯ. ದಾಟಿ ಬಂದ ಔಷಧಿಯನ್ನು ಹೊರಗೆತ್ತಿಹಾಕುವ ಪಂಪುಗಳು ಕೋಶದ ಪೊರೆಯಲ್ಲಿವೆ. ತಳದಲ್ಲಿ ಬೆಳವಣಿಗೆಯನ್ನೇ ನಿಲ್ಲಿಸಿ ನಿದ್ರಿಸುವಂತಿರುವ ಕೆಲವು ಕಣಗಳಿರುತ್ತವೆ. ಬೆಳೆಯದ ಕಣವನ್ನು ಔಷಧಿ ಕೊಲ್ಲುವುದು ಕಷ್ಟ. ನೀರಿನಲ್ಲಿ ತೇಲುವ ಕಣವನ್ನು ತಡೆಯಲು ಸಾಕಾಗುವ ಪ್ರಮಾಣದ ನೂರು ಪಟ್ಟು ಔಷಧಿಗೂ ಬಲಿತ ಪೊರೆಯು ಜಗ್ಗದಿರುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ.

ಈ ಪೊರೆಯಲ್ಲಿ ಕ್ಯಾಂಡಿಡಾ ಒಂಟಿಯಾಗಿರುವುದೂ ಅಪರೂಪ. ಹಲ್ಲು ಹುಳುಕಿಗೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾದೊಡನೆ ಅದು ಸ್ನೇಹ ಬೆಳೆಸುತ್ತದೆ. ಆ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಂಟು ತಯಾರಿಸುವ ತನ್ನ ಕಿಣ್ವವನ್ನು ಕ್ಯಾಂಡಿಡಾದ ಮೈಗೇ ಅಂಟಿಸುತ್ತದೆ. ಆಗ ಶಿಲೀಂಧ್ರವೂ ಅಂಟು ತಯಾರಿಸುವ ಕಾರ್ಖಾನೆಯಾಗುತ್ತದೆ. ಬಾಟಲಿಯಲ್ಲಿ ಸಿಹಿ ಹಾಲು ಕುಡಿಯುತ್ತಲೇ ನಿದ್ದೆಹೋಗುವ ಮಕ್ಕಳ ಮುಂಬಾಯಿಯ ಹಲ್ಲುಗಳು ಬೇಗನೆ ಕರಗುವುದಕ್ಕೆ ಈ ಜೋಡಿಯೂ ಕಾರಣವೆಂದು ಈಗ ತಿಳಿದುಬಂದಿದೆ. ಸಕ್ಕರೆಯಿಲ್ಲದೆ ಈ ಸ್ನೇಹ ನಡೆಯದು.

ಮಣ್ಣಿನಿಂದ ಬಂದ ಔಷಧಿ

ಬಾಯಿಯ ಈ ಸೋಂಕಿಗೆ ಇಂದಿಗೂ ಬಳಕೆಯಲ್ಲಿರುವ ನಿಸ್ಟಾಟಿನ್ ಎಂಬ ಔಷಧಿಯ ಹಿನ್ನೆಲೆಯನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸಾಗದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್ ಹಾಗೂ ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳಿದ್ದರು. ಹೇಜನ್ ನ್ಯೂಯಾರ್ಕ್ ನಗರದಲ್ಲಿ, ಬ್ರೌನ್ ಆಲ್ಬನಿಯಲ್ಲಿ. ಹೇಜನ್ ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಶಿಲೀಂಧ್ರವನ್ನು ಕೊಲ್ಲುವಂಥವನ್ನು ಜಾಡಿಗಳಲ್ಲಿ ತುಂಬಿ ಅಂಚೆಯಲ್ಲಿ ಕಳುಹಿಸುವರು. ಬ್ರೌನ್ ಅದರಿಂದ ಔಷಧಾಂಶವನ್ನು ಬೇರ್ಪಡಿಸಿ ಅಂಚೆಯಲ್ಲೇ ಹಿಂದಿರುಗಿಸುವರು. ವರ್ಜೀನಿಯಾದಲ್ಲಿ ಹೇಜನ್ನರ ಪರಿಚಯದವರ ಹೈನುಗಾರಿಕೆಯ ಜಮೀನಿನ ಮಣ್ಣಿನಲ್ಲಿ ಅವರಿಗೆ ಬೇಕಾದುದು ಸಿಕ್ಕಿತು. 1950ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ತಮ್ಮ ರಾಜ್ಯದ ಹೆಸರನ್ನೇ ಔಷಧಿಗೆ ಇಟ್ಟರು. ಅದರಿಂದ ಬಂದ ಗೌರವಧನ 1.3 ಕೋಟಿ ಡಾಲರನ್ನು ಮೀರಿತು. ಇಬ್ಬರೂ ಅದನ್ನು ತಮಗಾಗಿ ಇಟ್ಟುಕೊಳ್ಳದೆ ಸಂಶೋಧನೆಗೇ ಮೀಸಲಿಟ್ಟರು. 1966ರಲ್ಲಿ ಇಟಲಿಯ ಫ್ಲಾರೆನ್ಸ್ ನಗರವು ಪ್ರವಾಹದಲ್ಲಿ ಮುಳುಗಿ ಚಿತ್ರಗಳಿಗೆ ಬೂಷ್ಟು ಹಿಡಿದಾಗ ಅವನ್ನು ಉಳಿಸಿಕೊಳ್ಳಲೂ ಈ ಔಷಧಿಯೇ ನೆರವಾಯಿತು.

ನಮ್ಮ ದೇಶದ ಕೊಡುಗೆಯೂ ಇದೆ. ಪುಣೆಯ ಬಳಿಯ ಪಿಂಪ್ರಿಯಲ್ಲಿರುವ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಕಂಡುಹಿಡಿಯಲಾಯಿತು. ಅದನ್ನು ತಯಾರಿಸುವ ಸೂಕ್ಷ್ಮಜೀವಿಗೆ ಪಿಂಪ್ರಿಯ ಹೆಸರನ್ನೇ ಇಡಲಾಗಿದೆ. ಆ ಸಂಶೋಧನೆಯ ಮುಂದಾಳು ಎಂ. ಜೆ. ತಿರುಮಲಾಚಾರ್ ಕರ್ನಾಟಕದಲ್ಲಿ ಜನಿಸಿದವರು. ಇವರ ಹೆಸರು ನಮ್ಮಲ್ಲಿ ಇನ್ನಷ್ಟು ಜನರಿಗೆ ತಿಳಿದಿರಬೇಕಿತ್ತು.

ನಿಸ್ಟಾಟಿನ್ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲವೆಂಬುದನ್ನು ನೆನಪಿಡಬೇಕು. ಅದು ತಗುಲಿದ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆದುದರಿಂದ ದ್ರಾವಣವನ್ನು ಬಾಯಿಗೆ ಹಾಕಿಕೊಂಡೊಡನೆ ನುಂಗದೆ, ಸೆಟ್ಟನ್ನು ತೆಗೆದಿಟ್ಟು, ಬಾಯಿತುಂಬ ಆಡಿಸುತ್ತ ಸಾಧ್ಯವಾದಷ್ಟು ಹೊತ್ತು ಇಟ್ಟುಕೊಳ್ಳಬೇಕು. ಕೆಂಪು ಹೋದ ಮೇಲೂ ಎರಡು ದಿನ ಮುಂದುವರಿಸಬೇಕು. ವೈದ್ಯರು ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ತೊಳೆಯುವ ದ್ರಾವಣವನ್ನೂ ಬರೆದುಕೊಟ್ಟಿದ್ದರೆ ಎರಡನ್ನೂ ಒಟ್ಟಿಗೆ ಬಳಸಬಾರದು. ಇವೆರಡೂ ಬೆರೆತರೆ ಒಂದರ ಶಕ್ತಿಯನ್ನು ಇನ್ನೊಂದು ಕುಂದಿಸುತ್ತದೆ. ನಡುವೆ ಎಷ್ಟು ಅಂತರವಿರಬೇಕೆಂದು ಅವರನ್ನೇ ಕೇಳಿಕೊಳ್ಳಬೇಕು. ಕ್ಲೋಟ್ರಿಮಜೋಲ್, ಮೈಕೊನಜೋಲ್, ಫ್ಲುಕೊನಜೋಲ್ ಎಂಬ ಇತರ ಔಷಧಿಗಳಿವೆ. ಹೃದ್ರೋಗಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವವರು ಮೈಕೊನಜೋಲ್ ಜೆಲ್ಲನ್ನು ಅಂಗಡಿಯಿಂದ ತಾವಾಗಿಯೇ ತಂದು ಹಚ್ಚಿಕೊಳ್ಳುವುದು ಅಪಾಯ. ಬಾಯಿಗೆ ಹಚ್ಚಿದ್ದೂ ರಕ್ತಸ್ರಾವಕ್ಕೆ ದಾರಿಯಾದ ಪ್ರಸಂಗಗಳುಂಟು. ಫ್ಲುಕೊನಜೋಲಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ತಿಕ್ಕುವುದು, ತೆಗೆದಿಡುವುದು

ಔಷಧಿಗಿಂತಲೂ ನಾವು ಒತ್ತಿಹೇಳಬೇಕೆಂದಿರುವುದು ಸೆಟ್ಟಿನ ಶುದ್ಧಿಯನ್ನು. ಅಂಗುಳದ ಈ ಕೆಂಪಿಗೆ ನಡೆದ ಹಲವು ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಶಿಲೀಂಧ್ರನಾಶಕ ಔಷಧಿಗೂ ಸೆಟ್ಟನ್ನು ಸೋಂಕುರಹಿತಗೊಳಿಸುವ ವಿಧಾನಗಳಿಗೂ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಔಷಧಿಯ ಖರ್ಚನ್ನು ಭರಿಸಲಾಗದ ಕುಟುಂಬಕ್ಕೂ ಇದು ಕೈಗೆಟುಕುವ ಮಾರ್ಗ.

ಪ್ರತಿ ಊಟದ ನಂತರ ಸೆಟ್ಟನ್ನು ತೆಗೆದು ನೀರಿನಲ್ಲಿ ತೊಳೆಯಬೇಕು. ದಿನಕ್ಕೊಮ್ಮೆಯಾದರೂ ಮೆತ್ತನೆಯ ಬ್ರಷ್ಷಿನಿಂದ, ಸಾಧಾರಣ ಸಾಬೂನಿನ ನೊರೆಯಲ್ಲಿ, ಅದರಲ್ಲೂ ಅಂಗುಳಕ್ಕೆ ಒತ್ತುವ ಒಳಮೈಯನ್ನು ಚೆನ್ನಾಗಿ ತಿಕ್ಕಬೇಕು. ಹೊರಗೆ ಕಾಣುವ ಹಲ್ಲುಗಳನ್ನು ಫಳಫಳ ಹೊಳೆಯಿಸಿ ಒಳಮೈಯನ್ನು ಮರೆಯುವವರೇ ಬಹಳ. ಕೆಳಗೆ ನೀರು ತುಂಬಿದ ಬೋಗುಣಿಯನ್ನಿಟ್ಟುಕೊಂಡರೆ ಕೈಜಾರಿದರೂ ಸೆಟ್ಟು ಒಡೆಯುವುದಿಲ್ಲ. ಟೂತ್‌ಪೇಸ್ಟು, ಇದ್ದಿಲಪುಡಿ, ಬೂದಿ, ಉಪ್ಪು ಇವು ಯಾವುವೂ ಬೇಡ. ನೈಜ ಹಲ್ಲಿನಷ್ಟು ಗಟ್ಟಿಯಲ್ಲದ ಅಕ್ರಿಲಿಕ್ ಇವುಗಳಿಂದ ಗೀರುಬೀಳುತ್ತದೆ. ಪ್ರತಿಯೊಂದು ಗೀರೂ ಶಿಲೀಂಧ್ರಕ್ಕೆ ಹೊಸ ಗೂಡು. ಕುದಿಯುವ ನೀರನ್ನೂ ಹಾಕಬಾರದು. ಸೆಟ್ಟು ಸೊಟ್ಟಗಾಗಿ, ಮತ್ತೆ ದವಡೆಗೆ ಕೂರುವುದಿಲ್ಲ. ಬ್ಲೀಚಿನ ತೆಳು ದ್ರಾವಣದಲ್ಲಿ ಅದ್ದಿಡುವ ವಿಧಾನವಿದೆ. ಹತ್ತು ನಿಮಿಷ ಮೀರಬಾರದು, ಲೋಹದ ಭಾಗಗಳಿರುವ ಸೆಟ್ಟಿಗೆ ಅದು ಸಲ್ಲದು, ಪ್ರಮಾಣವನ್ನು ದಂತವೈದ್ಯರಿಂದ ತಿಳಿಯದೆ ಮಾಡಬಾರದು, ನಂತರ ಚೆನ್ನಾಗಿ ತೊಳೆಯದೆ ಬಾಯಿಗಿಡಬಾರದು.

ಸೆಟ್ಟಿನಂತೆ ಅಂಗುಳ, ಒಸಡು, ನಾಲಿಗೆಗಳನ್ನೂ ಒದ್ದೆಬಟ್ಟೆಯಿಂದಲೋ ಮೆತ್ತನೆಯ ಬ್ರಷ್ಷಿನಿಂದಲೋ ದಿನವೂ ಒರೆಸಬೇಕು. ಹಲ್ಲಿಲ್ಲದ ಬಾಯಿಗೆ ಬ್ರಷ್ಷೇಕೆ ಎಂಬ ಮಾತು ಸಾಮಾನ್ಯ. ಪೊರೆ ಕಟ್ಟಲು ಹಲ್ಲೇ ಬೇಕೆಂದಿಲ್ಲ.

ರಾತ್ರಿ ಮಲಗುವಾಗ ಸೆಟ್ಟು ಬಾಯಲ್ಲಿರಬಾರದು. ನಿದ್ರೆಯಲ್ಲಿ ಲಾಲಾರಸವು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಸೆಟ್ಟಿನ ಕೆಳಗಿನ ಅಂಗುಳಕ್ಕಂತೂ ಹಗಲಿನಲ್ಲಿಯೂ ಅದು ತಲುಪುವುದು ಕಡಿಮೆ. ಆರೇಳು ಗಂಟೆಗಳ ಕಾಲ ಅಂಗುಳಕ್ಕೆ ಗಾಳಿಯಾಡಲು ಬಿಟ್ಟರೆ ಎಷ್ಟೋ ಕೆಂಪು ತಾನಾಗಿಯೇ ಇಳಿಯುತ್ತದೆ. ತೆಗೆದ ಸೆಟ್ಟನ್ನು ಮುಚ್ಚಳವಿರುವ ಬಟ್ಟಲಿನಲ್ಲಿ, ದಿನವೂ ಬದಲಿಸಿದ ಶುದ್ಧ ನೀರಿನಲ್ಲಿಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಬೊಚ್ಚುಬಾಯಲ್ಲಿ ಸೊಸೆಯ ಎದುರು, ಮೊಮ್ಮಕ್ಕಳ ಎದುರು ಕಾಣಿಸಿಕೊಳ್ಳಲು ಅನೇಕ ಹಿರಿಯರಿಗೆ, ಅದರಲ್ಲೂ ಅಜ್ಜಿಯರಿಗೆ, ಸಂಕೋಚ. ಅದಕ್ಕಾಗಿಯೇ ಅವರು ಸೆಟ್ಟನ್ನು ತೆಗೆಯುವುದಿಲ್ಲ. ಈ ಸಂಕೋಚವನ್ನು ಮನೆಯವರು ಗೌರವದಿಂದ ಅರಿತು, ಎಲ್ಲರೂ ಮಲಗಿದ ಮೇಲೆ ತೆಗೆದಿಡಲು ಅವರ ಹಾಸಿಗೆಯ ಬಳಿಯೇ ಬಟ್ಟಲನ್ನಿಟ್ಟರೆ ಅರ್ಧ ಚಿಕಿತ್ಸೆ ಮುಗಿದಂತೆ.

ಹತ್ತು ಹನ್ನೆರಡು ವರ್ಷ ಹಳೆಯದಾದ, ಸಡಿಲವಾದ, ಬಿರುಕುಬಿಟ್ಟ ಸೆಟ್ಟನ್ನು ಎಷ್ಟು ತಿಕ್ಕಿದರೂ ಶುದ್ಧವಾಗದು. ಅದನ್ನು ದಂತವೈದ್ಯರಿಗೆ ತೋರಿಸಿ ಒಳಮೈಯನ್ನು ಹೊಸದಾಗಿ ಹೊಂದಿಸಬೇಕು, ಇಲ್ಲವೇ ಬದಲಿಸಬೇಕು.

ಅರಿಶಿನ, ಕೊಬ್ಬರಿ ಎಣ್ಣೆಗಳ ಬಗೆಗೆ ಓದುಗರು ಕೇಳುವುದುಂಟು. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ಪ್ರಯೋಗಾಲಯದಲ್ಲಿ ಕ್ಯಾಂಡಿಡಾವನ್ನು ಕೊಲ್ಲುವುದು ನಿಜ. ಗಾಜಿನ ತಟ್ಟೆಯ ಮೇಲೆ ತೇಲುವ ಕಣ ಬೇರೆ, ಸೆಟ್ಟಿನಲ್ಲಿ ಬಲಿತ ಪೊರೆ ಬೇರೆ. ಎಣ್ಣೆಯಿಂದ ಮುಕ್ಕಳಿಸುವ ಅಭ್ಯಾಸವಿರುವವರು ಅದನ್ನು ಬಿಡಬೇಕಾಗಿಲ್ಲ. ತಿಕ್ಕುವ ಕೆಲಸವನ್ನು ಅದು ತಪ್ಪಿಸುತ್ತದೆಂದು ಮಾತ್ರ ತಿಳಿಯಬಾರದು.

ಸೆಟ್ಟಿಲ್ಲದವರಿಗೂ

ಉಬ್ಬಸಕ್ಕಾಗಿ ಸ್ಟಿರಾಯ್ಡ್ ಇರುವ ಇನ್‌ಹೇಲರ್ ಬಳಸುವವರು ಪ್ರತಿ ಸಲವೂ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು. ಔಷಧಿಯ ಬಹುಭಾಗ ಬಾಯಿ, ಗಂಟಲುಗಳಲ್ಲೇ ಕೂರುತ್ತದೆ, ಅಲ್ಲಿನ ರಕ್ಷಣೆಯನ್ನು ತಗ್ಗಿಸುತ್ತದೆ. ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿಕೊಂಡರೆ ಹೆಚ್ಚು ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಲ್ಲಿ ಬಿಳುಪು ಕಂಡಿತೆಂದು ಇನ್‌ಹೇಲರನ್ನೇ ನಿಲ್ಲಿಸಿಬಿಡುವುದು ಮಾತ್ರ ಕೂಡದು. ಉಬ್ಬಸ ಕೆರಳಿದರೆ ಆಗುವ ಹಾನಿ ಬಹಳ ದೊಡ್ಡದು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಲಾಲಾರಸದಲ್ಲೂ ಸಕ್ಕರೆ ಏರುತ್ತದೆ, ಬಾಯಿ ಒಣಗುತ್ತದೆ, ಬಿಳಿರಕ್ತಕಣಗಳು ಮಂಕಾಗುತ್ತವೆ. ಮೂರೂ ಕ್ಯಾಂಡಿಡಾಕ್ಕೆ ಅನುಕೂಲ. ಪದೇಪದೇ ಮರಳುವ ಬಾಯಿಯ ಶಿಲೀಂಧ್ರವು ಇನ್ನೂ ಪತ್ತೆಯಾಗದ ಮಧುಮೇಹದ ಸೂಚನೆಯಾಗಿರಬಹುದು. ಕಬ್ಬಿಣಾಂಶ, ಬಿ-12 ಜೀವಸತ್ವಗಳ ಕೊರತೆಯೂ, ದೀರ್ಘಕಾಲ ಸೇವಿಸಿದ ಆಂಟಿಬಯಾಟಿಕ್ಕುಗಳೂ ಇದೇ ದಾರಿ ತೆರೆಯುತ್ತವೆ. ಹಸುಗೂಸಿನ ನಾಲಿಗೆ, ಕೆನ್ನೆಯ ಒಳಭಾಗಗಳಲ್ಲಿ ಮೊಸರಿನ ಗರಣೆಯಂಥ ಬಿಳುಪು ಕಂಡು, ಒರೆಸಿದರೂ ಹಾಲಿನಂತೆ ಸುಲಭವಾಗಿ ಹೋಗದೆ ಕೆಳಗೆ ಕೆಂಪಾಗಿ ಕಂಡರೆ ವೈದ್ಯರಿಗೆ ತೋರಿಸಬೇಕು; ತಾಯಿಯ ಮೊಲೆತೊಟ್ಟಿಗೂ ಅದೇ ವೇಳೆ ಚಿಕಿತ್ಸೆ ಬೇಕಾಗಬಹುದು, ಇಲ್ಲವಾದರೆ ತಾಯಿಯಿಂದ ಮಗುವಿಗೆ, ಮಗುವಿನಿಂದ ತಾಯಿಗೆ ಅದು ಓಡಾಡುತ್ತಿರುತ್ತದೆ.

ಹೊಗೆಸೊಪ್ಪು, ಗುಟ್ಕಾ, ಬೀಡಿಗಳ ಅಭ್ಯಾಸವುಳ್ಳವರ ಬಾಯಲ್ಲಿ ಒರೆಸಿದರೂ ಹೋಗದ ಬಿಳಿಯ ಮಚ್ಚೆ, ಇಲ್ಲವೇ ಮಕಮಲ್ಲಿನಂಥ ಕೆಂಪು ಮಚ್ಚೆ ಎರಡು ವಾರ ಮೀರಿ ಉಳಿದರೆ ಅದನ್ನು ಶಿಲೀಂಧ್ರವೆಂದು ಮನೆಯಲ್ಲೇ ನಿರ್ಧರಿಸಬಾರದು. ಕ್ಯಾನ್ಸರಿನ ಪೂರ್ವಸ್ಥಿತಿಯಲ್ಲೂ ಅಂಥ ಮಚ್ಚೆಗಳಿರುತ್ತವೆ; ಕ್ಯಾಂಡಿಡಾ ಅಂಥ ಮಚ್ಚೆಯ ಮೇಲೆಯೇ ನೆಲೆಸಿರುವುದೂ ಉಂಟು. ನುಂಗುವಾಗ ಎದೆಯ ಹಿಂದೆ ನೋವು ಬಂದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಅದಕ್ಕೆ ಹಚ್ಚುವ ಔಷಧಿ ಸಾಲದು.

ಹಾಸಿಗೆ ಹಿಡಿದ ಹಿರಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಜಪಾನಿನಲ್ಲಿ 85 ವರ್ಷ ಮೇಲ್ಪಟ್ಟ 524 ಹಿರಿಯರನ್ನು ಮೂರು ವರ್ಷಗಳ ಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟನ್ನು ಧರಿಸಿಯೇ ಮಲಗುವವರಿಗೆ ನ್ಯುಮೋನಿಯಾ ಬರುವ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಮೀರಿ ಕಂಡುಬಂದಿತು. ನಿದ್ರೆಯಲ್ಲಿ ಸೆಟ್ಟಿನ ಪೊರೆಯಿಂದ ಕಳಚಿದ ಸೂಕ್ಷ್ಮಜೀವಿಗಳು ಜೊಲ್ಲಿನೊಡನೆ ಶ್ವಾಸನಾಳಕ್ಕೆ ಜಾರುತ್ತವೆಂಬುದು ಅದರ ವಿವರಣೆ. ತಾವಾಗಿ ಸೆಟ್ಟನ್ನು ತೆಗೆಯಲಾರದ, ಹೇಳಿಕೊಳ್ಳಲೂ ಆಗದ ಇಂಥವರ ಬಾಯಿಯ ಹೊಣೆಯನ್ನು ಮನೆಯ ಒಬ್ಬರು ನಿರ್ದಿಷ್ಟವಾಗಿ ವಹಿಸಿಕೊಳ್ಳಬೇಕು. ಎಲ್ಲರ ಹೊಣೆಯಾದುದನ್ನು ಯಾರೂ ಮಾಡುವುದಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ರೋಗಿಯ ಬಾಯಲ್ಲಿ ಸೆಟ್ಟಿದೆಯೆಂದು ದಾದಿಯರಿಗೆ ಮೊದಲೇ ತಿಳಿಸಬೇಕು, ಡಬ್ಬಿಯ ಮೇಲೆ ಹೆಸರು ಬರೆದಿಡಬೇಕು. ಕಾಗದದಲ್ಲಿ ಸುತ್ತಿ ದಿಂಬಿನ ಪಕ್ಕದಲ್ಲಿಟ್ಟ ಸೆಟ್ಟು ಬೆಳಗಿನ ಕಸದೊಡನೆ ಹೊರಟುಹೋಗುವುದು ಅಪರೂಪವೇನಲ್ಲ.